ಗೊಟಾರ್ಡ್ ಘಾಟಿಗೆ ಒಂದು ಇಡೀ ದಿನ ಕೊಡಿ

ಊರಿಂದ ಸ್ವಿಟ್ಜರ್ಲೆಂಡಿಗೆ ಬರುವ ನೆಂಟರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಟಿಟ್ಲಿಸ್, ಯುಂಗ್‌ಫ್ರಾವ್, ಲುಸರ್ನ್‌ನ ಮರದ ಸೇತುವೆ, ರೈನ್ ಜಲಪಾತ, ಕೊನೆಗೆ ಚಾಕೊಲೇಟ್ ಅಂಗಡಿ. ಜ್ಯೂರಿಕ್‌ನಲ್ಲಿ ಮನೆ ಮಾಡಿಕೊಂಡಿರುವ ನನಗೆ ಈ ಪಟ್ಟಿ ಬಾಯಿಪಾಠ ಆಗಿಹೋಗಿದೆ. ಅದರಲ್ಲಿರುವ ಯಾವ ಜಾಗವನ್ನೂ ನಾನು ಬೇಡ ಅನ್ನುವುದಿಲ್ಲ. ಹಿಮವನ್ನೇ ನೋಡದವರಿಗೆ ಟಿಟ್ಲಿಸ್ ತೋರಿಸಲೇಬೇಕು. ಆದರೆ ಒಂದು ದಿನ ಮಾತ್ರ ನನಗೆ ಬಿಟ್ಟುಕೊಡಿ ಅಂತ ಕೇಳುತ್ತೇನೆ. ಆ ದಿನ ಗೊಟಾರ್ಡ್ ಪಾಸ್‌ಗೆ.

"ಪಾಸ್ ಅಂದ್ರೆ ಘಾಟಿ ತಾನೆ? ಘಾಟಿ ನೋಡೋಕೆ ಇಷ್ಟು ದೂರ ಬರಬೇಕಾ? ನಮಗೆ ಆಗುಂಬೆ ಇಲ್ವಾ?" ಅಂತ ದೊಡ್ಡಮ್ಮ ಕೇಳಿದ್ದರು. ತೀರ್ಥಹಳ್ಳಿ ಕಡೆಯವರು. ಘಟ್ಟ ಹತ್ತಿ ಇಳಿದೇ ಬೆಳೆದವರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬೆಟ್ಟದ ತುದಿಗೆ ಹೋದರೆ ಬೆಟ್ಟ ಕಾಣುತ್ತದೆ. ಘಾಟಿಗೆ ಹೋದರೆ ಅದನ್ನು ದಾಟಿದ ಜನ ಕಾಣುತ್ತಾರೆ. ಗೊಟಾರ್ಡ್‌ನಲ್ಲಂತೂ 800 ವರ್ಷಗಳಿಂದ ಜನ ಈ ಬೆಟ್ಟ ದಾಟಲು ಏನೇನು ಹರಸಾಹಸ ಮಾಡಿದರೋ ಅದೆಲ್ಲ ಒಂದೇ ದಾರಿಯ ಮೇಲೆ ಉಳಿದಿದೆ. ಹಳೇ ಸೇತುವೆ, ಅದರ ಮೇಲೆ ಹೊಸ ಸೇತುವೆ, ಹೇಸರಗತ್ತೆಗಳ ಕಾಲುದಾರಿ, ಕುದುರೆ ಗಾಡಿಯ ರಸ್ತೆ, ರೈಲು, ಬಂಡೆಯೊಳಗಿನ ಕೋಟೆ. ಎತ್ತರ 2106 ಮೀಟರ್. ಉತ್ತರಕ್ಕೆ ಜರ್ಮನ್ ಮಾತಾಡುವ ಊರಿ ಪ್ರಾಂತ್ಯ, ದಕ್ಷಿಣಕ್ಕೆ ಇಟಾಲಿಯನ್ ಮಾತಾಡುವ ಟಿಚಿನೊ ಪ್ರಾಂತ್ಯ. ಬೆಳಿಗ್ಗೆ ಒಂದು ಭಾಷೆಯಲ್ಲಿ ಕಾಫಿ ಕುಡಿದು, ಸಂಜೆ ಇನ್ನೊಂದು ಭಾಷೆಯಲ್ಲಿ ಐಸ್‌ಕ್ರೀಂ ತಿನ್ನಬಹುದು. ಅದೂ ಒಂದೇ ದೇಶದಲ್ಲಿ.

ಇನ್ನೊಂದು ಕಾರಣವೂ ಇದೆ. ಈಗ ಈ ಘಾಟಿಯ ಮೇಲೆ ಹೋಗುವ ಅಗತ್ಯ ಯಾರಿಗೂ ಇಲ್ಲ. 1882ರಲ್ಲಿ 15 ಕಿಲೋಮೀಟರಿನ ರೈಲು ಸುರಂಗ ಬಂತು. 1980ರಲ್ಲಿ ಸುಮಾರು 17 ಕಿಲೋಮೀಟರಿನ ರಸ್ತೆ ಸುರಂಗ. 2016ರಲ್ಲಿ ಬೆಟ್ಟದ ಬುಡದಲ್ಲೇ 57 ಕಿಲೋಮೀಟರಿನ ಬೇಸ್ ಟನಲ್. ಲೋಕದ ಅತಿ ಉದ್ದದ ರೈಲು ಸುರಂಗ ಅದೇ. ಅದರೊಳಗೆ ರೈಲು ಸುಮಾರು 20 ನಿಮಿಷದಲ್ಲಿ ಆಲ್ಪ್ಸ್ ದಾಟಿಬಿಡುತ್ತದೆ. ಕಿಟಕಿಯಲ್ಲಿ ನಮ್ಮದೇ ಮುಖ ಬಿಟ್ಟರೆ ಏನೂ ಕಾಣುವುದಿಲ್ಲ. ಹಾಗಾಗಿ ಮೇಲೆ ಹೋಗುವವರು ಈಗ ಬೇಕಂತಲೇ ಹೋಗುವವರು. ದಾರಿ ನಿಧಾನಕ್ಕೆ ಹೋಗುವವರ ಪಾಲಿಗೆ ಉಳಿದಿದೆ. ಅಂಥ ಜಾಗಕ್ಕೆ ಹೋಗಿ ಮುಕ್ಕಾಲು ಗಂಟೆ ನಿಂತು ಫೋಟೊ ತೆಗೆದು ಬರುವುದು ನನಗಂತೂ ತುಂಬಾ ನಷ್ಟ ಅನ್ನಿಸುತ್ತದೆ.

ಜ್ಯೂರಿಕ್‌ನಿಂದ ಹೊರಡುವಾಗಲೇ ರೈಲು ಸರಿಯಾಗಿ ಆರಿಸಿಕೊಳ್ಳಬೇಕು. ಟಿಚಿನೊಗೆ ಹೋಗುವ ವೇಗದ ರೈಲು ಹತ್ತಿದರೆ ಬೇಸ್ ಟನಲ್ ಪಾಲು. ಹತ್ತಬೇಕಾದದ್ದು ಟ್ರೆನೊ ಗೊಟಾರ್ಡೊ. ತಾಮ್ರದ ಬಣ್ಣದ ಬೋಗಿಗಳು. 2020ರ ಡಿಸೆಂಬರ್‌ನಿಂದ ಹಳೇ ಬೆಟ್ಟದ ಹಳಿಯ ಮೇಲೆ ಓಡುತ್ತಿದೆ. ವಾಸೆನ್ ಅನ್ನುವ ಊರು ಹತ್ತಿರ ಬಂದಾಗ ಮಕ್ಕಳಿಗೆ ಕಿಟಕಿ ಬಿಟ್ಟುಕೊಡಿ. ಅಲ್ಲಿ ಗುಡ್ಡದ ಮೇಲೆ ಒಂದು ಬಿಳಿ ಚರ್ಚ್ ಇದೆ. ಎತ್ತರ ಏರಲು ರೈಲು ಬೆಟ್ಟದೊಳಗೇ ಸುತ್ತು ಹಾಕಿ ಹಾಕಿ ಬರುತ್ತದೆ. ಹಾಗಾಗಿ ಅದೇ ಚರ್ಚ್ ಮೂರು ಸಲ ಕಾಣುತ್ತದೆ. ಮೊದಲು ತಲೆ ಎತ್ತಿ ನೋಡಬೇಕು, ಆಮೇಲೆ ಕಣ್ಣಿನ ಮಟ್ಟಕ್ಕೆ, ಕೊನೆಗೆ ಕಾಲ ಕೆಳಗೆ. ಸುರಂಗದ ಕತ್ತಲಲ್ಲಿ ನಾವು ತಿರುಗಿದ್ದೇ ಗೊತ್ತಾಗಿರುವುದಿಲ್ಲ. ದೊಡ್ಡಮ್ಮ ಅದು ಮೂರು ಬೇರೆ ಬೇರೆ ಚರ್ಚ್ ಅಂತ ಕೊನೆತನಕ ವಾದ ಮಾಡಿದರು.

ಗೊಶೆನೆನ್‌ನಲ್ಲಿ ಇಳಿಯಿರಿ. ಇಲ್ಲಿಂದ ಆಂಡರ್ಮಾಟ್‌ಗೆ ಹಲ್ಲುಹಳಿಯ ಪುಟ್ಟ ರೈಲು ಹೋಗುತ್ತದೆ, 1917ರಿಂದ. ಕಾಲು ಗಟ್ಟಿ ಇದ್ದವರು ಅದನ್ನು ಬಿಟ್ಟು ನಡೆಯಿರಿ. ಎರಡು ಗಂಟೆ ಇಟ್ಟುಕೊಂಡರೆ ಆರಾಮಾಗಿ ಹತ್ತಬಹುದು. ಏರು ಮುನ್ನೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಈ ಎರಡು ಗಂಟೆಯೇ ಇಡೀ ದಿನದ ಜೀವಾಳ ಅಂತ ನನ್ನ ಅಭಿಪ್ರಾಯ.

ಆ ಕಮರಿಯ ಹೆಸರು ಶೊಲೆನೆನ್. ಎರಡು ಕಡೆ ನೆಟ್ಟಗೆ ನಿಂತ ಗ್ರಾನೈಟ್ ಗೋಡೆ, ನಡುವೆ ರೊಯ್ಸ್ ನದಿ. ನದಿ ಅನ್ನುವುದಕ್ಕಿಂತ ನೊರೆ ಅನ್ನಬೇಕು. ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುವುದಿಲ್ಲ. ಘಾಟಿ ಮೇಲಿದ್ದರೂ ಅಲ್ಲಿಗೆ ಹೋಗಲು ನೂರಾರು ವರ್ಷ ಜನರನ್ನು ತಡೆದು ನಿಲ್ಲಿಸಿದ್ದು ಈ ಕಮರಿ. 13ನೇ ಶತಮಾನದ ಮೊದಲ ಭಾಗದಲ್ಲಿ ಯಾರೋ ಧೈರ್ಯ ಮಾಡಿದರು. ಬಂಡೆಯ ಗೋಡೆಗೆ ಸರಪಳಿ ಹಾಕಿ, ಅದರ ಮೇಲೆ ಹಲಗೆ ಇಟ್ಟು, ನೀರಿನ ಮೇಲೆ ತೂಗಾಡುವ ಕಾಲುದಾರಿ ಮಾಡಿದರು. ನೀರಿನ ಹನಿಯಲ್ಲಿ ಸದಾ ನೆನೆದಿರುತ್ತಿದ್ದ ಆ ಹಲಗೆಯ ಮೇಲೆ ಹೇರು ಹೊತ್ತ ಪ್ರಾಣಿಗಳನ್ನು ನಡೆಸಿಕೊಂಡು ಹೋಗುತ್ತಿದ್ದರು. ಅದು ಆದಮೇಲೆಯೇ ಗೊಟಾರ್ಡ್ ದೊಡ್ಡ ವ್ಯಾಪಾರದ ದಾರಿ ಆಗಿದ್ದು. ಈ ಕಡೆಯಿಂದ ಚೀಸ್, ದನ. ಆ ಕಡೆಯಿಂದ ಅಕ್ಕಿ, ವೈನ್. ಆಲ್ಪ್ಸ್‌ನ ಈ ಪುಟ್ಟ ಹಳ್ಳಿಗಳಿಗೆ ಮಿಲಾನ್ ಜೊತೆ ನಂಟು ಬೆಳೆದದ್ದು ಹೀಗೆ.

ಕಮರಿಯ ಅತಿ ಇಕ್ಕಟ್ಟಾದ ಜಾಗದಲ್ಲಿ ಸೈತಾನನ ಸೇತುವೆ ಇದೆ. ನಿಜ ಹೇಳಬೇಕೆಂದರೆ ಸೇತುವೆಗಳು. 1595ರ ಕಲ್ಲಿನ ಸೇತುವೆ 1888ರಲ್ಲಿ ಕುಸಿಯಿತು. ಅದರ ಬುಡ ಮಾತ್ರ ಉಳಿದಿದೆ. ಈಗ ನಡೆದು ದಾಟುವ ಕಮಾನು 1830ರದ್ದು. ಅದರ ಮೇಲುಗಡೆ 1958ರದ್ದು, ಕಾರು ಬಸ್ಸುಗಳಿಗೆ.

ಕಥೆ ಹೀಗೆ. ಊರಿ ಜನ ಎಷ್ಟು ಸಲ ಕಟ್ಟಿದರೂ ಸೇತುವೆ ನಿಲ್ಲಲಿಲ್ಲ. ಕೊನೆಗೆ ಸೈತಾನನ ಹತ್ತಿರ ಒಪ್ಪಂದ ಮಾಡಿಕೊಂಡರು. ಸೇತುವೆ ನಾನು ಕಟ್ಟಿಕೊಡುತ್ತೇನೆ, ಮೊದಲು ದಾಟಿದ ಜೀವ ನನ್ನದು ಅಂದ ಅವನು. ಸೇತುವೆ ಎದ್ದು ನಿಂತಿತು. ಊರವರು ಒಂದು ಹೋತವನ್ನು ಅಟ್ಟಿದರು. ಸೈತಾನನಿಗೆ ತಡೆಯಲಾರದ ಸಿಟ್ಟು ಬಂತು. ಸೇತುವೆಯನ್ನು ಒಡೆದೇ ಬಿಡುತ್ತೇನೆ ಅಂತ ಮನೆಯಷ್ಟು ದೊಡ್ಡ ಬಂಡೆ ಹೊತ್ತು ತಂದ. ದಾರಿಯಲ್ಲಿ ದಣಿವಾರಿಸಿಕೊಳ್ಳಲು ಕೆಳಗಿಟ್ಟಾಗ ಒಬ್ಬ ಮುದುಕಿ ಬಂದು ಅದರ ಮೇಲೆ ಶಿಲುಬೆ ಗೀಚಿದಳು. ಆಮೇಲೆ ಅವನಿಗೆ ಬಂಡೆ ಎತ್ತಲು ಆಗಲಿಲ್ಲ.

"ಪಾಪ, ಆ ಹೋತ ಏನು ಮಾಡಿತ್ತು?" ಅಂದರು ದೊಡ್ಡಮ್ಮ. ಸೇತುವೆ ಪಕ್ಕದ ಬಂಡೆಯ ಮೇಲೆ ಸೈತಾನ ಮತ್ತು ಹೋತದ ಚಿತ್ರ ಬರೆದಿದ್ದಾರೆ. ಅದನ್ನು ನೋಡುತ್ತ ಅವರು ಸುಮಾರು ಹೊತ್ತು ನಿಂತಿದ್ದರು. ಸೈತಾನನ ಬಂಡೆ ಗೊಶೆನೆನ್‌ನಲ್ಲಿ ಈಗಲೂ ಇದೆ. ಹೆದ್ದಾರಿಗೆ ಅಡ್ಡ ಬರುತ್ತದೆ ಅಂತ 1977ರಲ್ಲಿ ಅದನ್ನು 127 ಮೀಟರ್ ಆಚೆಗೆ ಸರಿಸಿದರು. ಒಡೆದುಹಾಕಿದ್ದರೆ ಖರ್ಚು ಎಷ್ಟೋ ಕಡಿಮೆ ಆಗುತ್ತಿತ್ತು. ಒಂದು ಅಜ್ಜಿಕಥೆಯ ಕಲ್ಲಿಗಾಗಿ ಇಷ್ಟು ಮಾಡಿದರಲ್ಲ, ಅದು ನನಗೆ ಬಹಳ ಹಿಡಿಸಿದ ವಿಷಯ.

ಸೇತುವೆಯ ಹತ್ತಿರವೇ ಬಂಡೆಯಲ್ಲಿ ಕೊರೆದ ಒಂದು ದೊಡ್ಡ ಶಿಲುಬೆ ಇದೆ, 12 ಮೀಟರ್ ಎತ್ತರ. ಕೆಳಗೆ ರಷ್ಯನ್ ಅಕ್ಷರಗಳು. ರಷ್ಯನ್ನರಿಗೆ ಇಲ್ಲೇನು ಕೆಲಸ ಅನ್ನಿಸುತ್ತದೆ. 1799ರ ಸೆಪ್ಟೆಂಬರ್‌ನಲ್ಲಿ ಸೇನಾಪತಿ ಸುವೊರೊವ್ ರಷ್ಯಾದ ಸೈನ್ಯವನ್ನು ಇಟಲಿ ಕಡೆಯಿಂದ ಈ ಘಾಟಿ ಹತ್ತಿಸಿ ತಂದ. ಫ್ರೆಂಚರು ಕಮರಿಯಲ್ಲಿ ಕಾದು ನಿಂತಿದ್ದರು. ಇಷ್ಟು ಇಕ್ಕಟ್ಟಿನಲ್ಲಿ, ಈ ನೀರಿನ ಮೇಲೆ ಯುದ್ಧ ನಡೆಯಿತು. ರಷ್ಯನ್ನರು ದಾಟಿದರು, ಆದರೆ ಸತ್ತವರು ಬಹಳ. 1898ರಲ್ಲಿ ಈ ಸ್ಮಾರಕ ಕೊರೆದರು. ಆ ಚೂರು ಜಾಗದ ಒಡೆತನ ಇವತ್ತಿಗೂ ರಷ್ಯಾದ್ದೇ. ಶಿಲುಬೆಯ ಕೆಳಗೆ ನಿಂತು ಎದುರಿನ ಗೋಡೆಯನ್ನು ಒಮ್ಮೆ ನೋಡಿ. ಎಲ್ಲೋ ರಷ್ಯಾದ ಬಯಲಿನ ಹಳ್ಳಿಯಿಂದ ಬಂದ ಹುಡುಗನಿಗೆ ಈ ಗೋಡೆ ಹೇಗೆ ಕಂಡಿರಬಹುದು!

ಸೇತುವೆ ದಾಟಿ ಸ್ವಲ್ಪ ಮುಂದೆ ಊರ್ನರ್‌ಲೋಖ್. 1708ರಲ್ಲಿ ಕೊರೆದದ್ದು, ಆಗ 64 ಮೀಟರ್ ಉದ್ದ. ಆಲ್ಪ್ಸ್‌ನ ಮೊದಲ ರಸ್ತೆ ಸುರಂಗ. ಇದನ್ನು ಕೊರೆಸಿದವನು ಟಿಚಿನೊದ ಪಿಯೆತ್ರೊ ಮೊರೆಟ್ಟಿನಿ. ಅದಾದ ಮೇಲೆ ಗೋಡೆಗೆ ನೇತುಹಾಕಿದ ಹಲಗೆಯ ಕಾಟ ತಪ್ಪಿತು. ಈಗ ಅದನ್ನು ಅಗಲ ಮಾಡಿ ರಸ್ತೆ ಹಾಯಿಸಿದ್ದಾರೆ, ನೋಡಲು ವಿಶೇಷ ಏನಿಲ್ಲ. ಆದರೆ ಅದರಾಚೆ ಕಾಲಿಟ್ಟ ಕೂಡಲೇ ಕಮರಿ ಮುಗಿದುಹೋಗುತ್ತದೆ. ಸದ್ದೂ ನಿಲ್ಲುತ್ತದೆ. ಎದುರಿಗೆ ಚಪ್ಪಟೆಯಾದ, ಹಸಿರಾದ, ಅಗಲವಾದ ಕಣಿವೆ. ದನಗಳು ಮೇಯುತ್ತಿರುತ್ತವೆ. ಬಸ್ಸಿನಲ್ಲಿ ಬಂದರೆ ಈ ಬದಲಾವಣೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನಡೆದು ಬಂದವರಿಗೇ ಅದರ ಖುಷಿ.

ಆಂಡರ್ಮಾಟ್‌ನಲ್ಲಿ ಈಗ ದೊಡ್ಡ ದೊಡ್ಡ ಹೋಟೆಲ್‌ಗಳು ಎದ್ದಿವೆ. ಹಳೇ ಬೀದಿಯಲ್ಲಿ ಒಂದು ಕಾಫಿ ಕುಡಿದು ಮುಂದೆ ಹೋಗಿ. ಮುಂದಿನ ಊರು ಹಾಸ್ಪೆಂಟಾಲ್ ನನಗೆ ಇನ್ನೂ ಇಷ್ಟ. ಫುರ್ಕಾ ಪಾಸ್‌ಗೆ ಹೋಗುವ ದಾರಿ, ಗೊಟಾರ್ಡ್‌ಗೆ ಹೋಗುವ ದಾರಿ ಇಲ್ಲೇ ಕವಲೊಡೆಯುತ್ತವೆ. ಊರ ತುದಿಯ ಪುಟ್ಟ ಗುಡಿಯ ಗೋಡೆಯ ಮೇಲೆ ಜರ್ಮನ್‌ನಲ್ಲಿ ನಾಲ್ಕು ಸಾಲು ಬರೆದಿದ್ದಾರೆ. ಗೆಳೆಯಾ, ದಾರಿ ಇಲ್ಲಿ ಬೇರೆಯಾಗುತ್ತದೆ, ನೀನು ಎಲ್ಲಿಗೆ ಹೊರಟೆ? ಕೆಳಗೆ ರೋಮ್‌ಗಾ, ರೈನ್ ದಂಡೆಯ ಕೊಲೋನ್‌ಗಾ, ಪಶ್ಚಿಮಕ್ಕೆ ಫ್ರಾಂಕರ ನಾಡಿಗಾ? ಅಂತ ಅದು ಕೇಳುತ್ತದೆ. ಬರೀ ಊರಿನ ಹೆಸರು, ಎಷ್ಟು ದೂರ ಅಂತ ಬರೆದ ಹಳದಿ ಫಲಕ ಪಕ್ಕದಲ್ಲೇ ಇರುತ್ತದೆ. ಓದಿಕೊಂಡು ನಿಂತರೆ ಗುಡಿಯ ಸಾಲೇ ನಮಗೆ ಹತ್ತಿರ ಅನ್ನಿಸುತ್ತದೆ.

ಇಲ್ಲಿಂದ ಮೇಲಕ್ಕೆ ಹಳೇ ಹೇಸರಗತ್ತೆಯ ದಾರಿಯಲ್ಲಿ ನಡೆದರೆ ಮೂರು ಗಂಟೆ ಬೇಕು. ಬೇಸಿಗೆಯಲ್ಲಿ ಹಳದಿ ಅಂಚೆ ಬಸ್ಸೂ ಇದೆ. ದೊಡ್ಡಮ್ಮನ ಜೊತೆ ಬಸ್ಸು. ನಾನೊಬ್ಬನೇ ಇದ್ದಾಗ ನಡಿಗೆ. ಜುಲೈನಲ್ಲಿ ದಾರಿಯ ಪಕ್ಕ ಗುಲಾಬಿ ಬಣ್ಣದ ಆಲ್ಪೈನ್ ರೋಡೊಡೆಂಡ್ರನ್ ಪೊದೆಗಳು ತುಂಬಿರುತ್ತವೆ. ಒದ್ದೆ ನೆಲದಲ್ಲಿ ಹತ್ತಿಹುಲ್ಲು. ಯಾರೋ ಸಿಳ್ಳೆ ಹೊಡೆದ ಹಾಗೆ ಕೇಳಿದರೆ ಸುಮ್ನೆ ಅಲ್ಲೇ ನಿಂತುಬಿಡಿ. ಅದು ಮಾರ್ಮೊಟ್, ಅಳಿಲಿನ ಜಾತಿಯ ದಪ್ಪ ಪ್ರಾಣಿ. ಬಂಡೆಯ ಮೇಲೆ ಎದ್ದು ನಿಂತು ತನ್ನವರಿಗೆ ಎಚ್ಚರಿಕೆ ಕೊಡುತ್ತಿರುತ್ತದೆ.

ಘಾಟಿಯ ನೆತ್ತಿ ಮೊದಲ ನೋಟಕ್ಕೆ ಅಷ್ಟೇನೂ ಚೆಂದ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಕಿಂಗ್ ತುಂಬಾ ಕಾರು. ಭಾನುವಾರವಾದರೆ ಮೋಟಾರ್‌ಬೈಕ್‌ಗಳ ಗದ್ದಲ. ಸಾಸೇಜ್ ಸುಡುವ ಹೊಗೆ. ಸುತ್ತ ಬೋಳು ಬಂಡೆ, ಒಂದೆರಡು ಕಪ್ಪು ಕೆರೆ. ಎಲ್ಲಿ ನೋಡಿದರೂ ಹಿಮದ ಶಿಖರ ಇರುತ್ತದೆ ಅಂದುಕೊಂಡು ಬಂದವರಿಗೆ ಬೇಜಾರಾಗುತ್ತದೆ. ಹೆಚ್ಚಿನವರು ಇಲ್ಲಿಂದಲೇ ವಾಪಸ್ ಹೋಗುತ್ತಾರೆ. ನೀವು ಹತ್ತು ನಿಮಿಷ ಯಾವ ದಿಕ್ಕಿಗಾದರೂ ನಡೆಯಿರಿ. ಗದ್ದಲ ಹಿಂದೆ ಉಳಿಯುತ್ತದೆ.

ಅದಕ್ಕೂ ಮುಂಚೆ ಆ ಎರಡು ಮೂರು ಹಳೇ ಕಟ್ಟಡಗಳನ್ನು ನೋಡಿ. ಜರ್ಮನಿಯ ಹಿಲ್ಡೆಸ್‌ಹೈಮ್‌ನ ಬಿಷಪ್ ಆಗಿದ್ದ ಸಂತ ಗೊಟಾರ್ಡ್ ಹೆಸರಿನ ಗುಡಿಯನ್ನು 1230ರಲ್ಲಿ ಮಿಲಾನ್‌ನ ಆರ್ಚ್‌ಬಿಷಪ್ ಇಲ್ಲಿ ಪ್ರತಿಷ್ಠೆ ಮಾಡಿದರು. ಘಾಟಿಗೆ ಹೆಸರು ಬಂದದ್ದು ಅಲ್ಲಿಂದ. ಪಕ್ಕದ ಹಾಸ್ಪಿಸ್‌ನಲ್ಲಿ ದಾರಿಹೋಕರಿಗೆ ಊಟ, ಮಲಗಲು ಜಾಗ ಸಿಗುತ್ತಿತ್ತು. ಕೈಯಲ್ಲಿ ಕಾಸಿಲ್ಲದ ಬಡವರಿಗೂ ಇಲ್ಲ ಅನ್ನುತ್ತಿರಲಿಲ್ಲ. ಬಹಳ ಕಾಲ ಇದನ್ನು ನೋಡಿಕೊಂಡವರು ಕಪೂಚಿನ್ ಸನ್ಯಾಸಿಗಳು. ಚಳಿಗಾಲದಲ್ಲೂ ಇಲ್ಲೇ ಇರುತ್ತಿದ್ದರು. ಎರಡಾಳು ಎತ್ತರದ ಹಿಮದಲ್ಲಿ ಯಾರೋ ಗುರುತಿಲ್ಲದವರು ಬಾಗಿಲು ತಟ್ಟಿದರೆ ತೆಗೆದು ಒಳಗೆ ಕರೆದು ಸೂಪ್ ಕೊಡುವ ಕೆಲಸ. ನಮ್ಮ ಕಡೆ ಅನ್ನಛತ್ರ ಕಂಡ ದೊಡ್ಡಮ್ಮನಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿ ಬರಲಿಲ್ಲ. ಆ ಗೋಡೆಗೆ ಕೈಮುಗಿದೇ ಮುಂದೆ ಹೋದರು. ಹಾಸ್ಪಿಸ್ ಈಗ ಹೋಟೆಲ್. ಹಳೇ ಸರಕಿನ ಕೊಟ್ಟಿಗೆಯಲ್ಲಿ ಘಾಟಿಯ ಇತಿಹಾಸ ಹೇಳುವ ಮ್ಯೂಸಿಯಂ ಇದೆ.

ಜರ್ಮನ್ ಕವಿ ಗಯಟೆ ಈ ಹಾಸ್ಪಿಸ್ ತನಕ ಮೂರು ಸಲ ಬಂದಿದ್ದ. 1775, 1779, 1797. ಮೂರು ಸಲವೂ ಇಟಲಿಯ ಕಡೆ ಇಳಿಯದೆ ಬಂದ ದಾರಿಯಲ್ಲೇ ವಾಪಸ್ ಹೋದ. ನಡುವೆ 1786ರಲ್ಲಿ ಇಟಲಿಗೆ ಹೋಗಿದ್ದು ಬ್ರೆನ್ನರ್ ಪಾಸ್ ಮೂಲಕ.

ಇನ್ನು ನೀರಿನ ವಿಷಯ. ನನ್ನ ಮಟ್ಟಿಗೆ ಗೊಟಾರ್ಡ್‌ನ ದೊಡ್ಡ ಅಚ್ಚರಿ ಇದೇ. ಈ ಬೆಟ್ಟಸಾಲಿನ ಆಸುಪಾಸಿನಲ್ಲಿ ನಾಲ್ಕು ನದಿ ಹುಟ್ಟುತ್ತವೆ. ರೈನ್ ಉತ್ತರ ಸಮುದ್ರಕ್ಕೆ. ರೊಯ್ಸ್ ಕೂಡ ಆರೆ ನದಿ ಸೇರಿ ರೈನ್ ಮೂಲಕ ಅಲ್ಲಿಗೇ. ರೋನ್ ಫ್ರಾನ್ಸ್ ದಾಟಿ ಮೆಡಿಟರೇನಿಯನ್‌ಗೆ. ಟಿಚಿನೊ ಪೊ ನದಿ ಸೇರಿ ಏಡ್ರಿಯಾಟಿಕ್‌ಗೆ. ಘಾಟಿಯ ನೆತ್ತಿಯಲ್ಲಿ ಬಿದ್ದ ಮಳೆ ಎರಡು ಹೆಜ್ಜೆ ಆ ಕಡೆ ಬಿದ್ದರೆ ಒಂದು ಸಮುದ್ರ, ಈ ಕಡೆ ಬಿದ್ದರೆ ಇನ್ನೊಂದು. "ಆಗುಂಬೆಯಲ್ಲೂ ಹಂಗೇ ಅಲ್ವಾ? ಈಚೆ ಬಿದ್ದಿದ್ದು ಮಾಲತಿ, ತುಂಗೆ. ಆಚೆ ಬಿದ್ದಿದ್ದು ಸೀತಾನದಿ" ಅಂದರು ದೊಡ್ಡಮ್ಮ. ಹೌದಲ್ಲ! ಒಂದು ಬಂಗಾಳ ಕೊಲ್ಲಿಗೆ, ಇನ್ನೊಂದು ಅರಬ್ಬೀ ಸಮುದ್ರಕ್ಕೆ. ಆಗುಂಬೆಯ ಮಾತೆತ್ತಿ ಹೊರಡಲು ಮನಸ್ಸು ಮಾಡದಿದ್ದವರು ಇಲ್ಲಿ ಬಂದಮೇಲೆ ಅದೇ ಕಾರಣಕ್ಕೆ ಉತ್ಸಾಹ ತಂದುಕೊಂಡರು. ಪ್ರತಿ ತೊರೆ ಸಿಕ್ಕಾಗಲೂ ಇದು ಯಾವ ಕಡೆಯದ್ದು ಅಂತ ಕೇಳುತ್ತಿದ್ದರು.

ನೀರು ನೋಡಲು ಲುಚೆಂದ್ರೊ ಕೆರೆಗೆ ಹೋಗಿ. ಘಾಟಿಯಿಂದ ಪಶ್ಚಿಮಕ್ಕೆ, ಸುಮಾರು ಒಂದು ಗಂಟೆ ದಾರಿ, ದೊಡ್ಡ ಏರೇನಿಲ್ಲ. 1940ರ ದಶಕದಲ್ಲಿ ಕಟ್ಟಿದ ಅಣೆಕಟ್ಟು. ನೀರು ಬಿಸಿಲಲ್ಲಿ ಹಸಿರು ಮಿಶ್ರ ನೀಲಿ. ಈ ನೀರು ತನ್ನ ಪಾಡಿಗೆ ಹರಿದರೆ ರೊಯ್ಸ್ ಸೇರಿ ಉತ್ತರಕ್ಕೆ ಹೋಗಬೇಕು. ಆದರೆ ವಿದ್ಯುತ್ ಕೇಂದ್ರ ಇರುವುದು ದಕ್ಷಿಣದ ಐರೊಲೊದಲ್ಲಿ. ಹಾಗಾಗಿ ಬೆಟ್ಟದೊಳಗಿನ ಕೊಳವೆಯಲ್ಲಿ ನೀರನ್ನು ಆಚೆ ಬದಿಗೆ ಇಳಿಸುತ್ತಾರೆ. ಉತ್ತರ ಸಮುದ್ರಕ್ಕೆ ಹೋಗಬೇಕಿದ್ದ ಹನಿ ಏಡ್ರಿಯಾಟಿಕ್ ಸೇರುತ್ತದೆ. ಮೇಲೆ ನಿಂತವರಿಗೆ ಇದು ಯಾವುದೂ ಕಾಣುವುದಿಲ್ಲ. ಹಿಂದೆ ನೋಡಿದರೆ ಘಾಟಿಯ ಮೇಲೆ 5 ಗಾಳಿಯಂತ್ರಗಳು ತಿರುಗುತ್ತಿರುತ್ತವೆ. 2020ರಲ್ಲಿ ಶುರುವಾದವು. ಅವು ನೋಟ ಕೆಡಿಸಿದವು ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸಿಲ್ಲ. ಇಲ್ಲಿಯ ಗಾಳಿಗೆ ಮೈಯೊಡ್ಡಿ ನಿಂತವರಿಗೆ ಅದನ್ನು ಬಳಸಿಕೊಳ್ಳಬೇಕು ಅಂತ ಅನ್ನಿಸದೆ ಇರದು.

ಮಳೆ ಬಂದರೆ ಇನ್ನೊಂದು ಜಾಗ ಇದೆ. ಘಾಟಿಯ ಪಕ್ಕದ ಬಂಡೆಯ ಹೊಟ್ಟೆಯಲ್ಲಿ ಎರಡನೇ ಮಹಾಯುದ್ಧದ ಕಾಲದ ಫಿರಂಗಿ ಕೋಟೆ. ಸುತ್ತಲೂ ಹಿಟ್ಲರ್, ಮುಸೊಲಿನಿ ಇದ್ದಾಗ ಸ್ವಿಸ್ ಸೈನ್ಯ ಬಯಲು ಬಿಟ್ಟುಕೊಟ್ಟರೂ ಬೆಟ್ಟ ಬಿಡುವುದಿಲ್ಲ ಅಂತ ತೀರ್ಮಾನಿಸಿತ್ತು. ಆ ಯೋಜನೆಯ ನಡುಮಧ್ಯ ಗೊಟಾರ್ಡ್. ಯುದ್ಧ ಮುಗಿದು ದಶಕಗಳಾದರೂ ಈ ಕೋಟೆ ಗುಟ್ಟಾಗಿಯೇ ಇತ್ತು. 2012ರಲ್ಲಿ ಸಾಸ್ಸೊ ಸಾನ್ ಗೊಟಾರ್ಡೊ ಅನ್ನುವ ಹೆಸರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಸೈನಿಕರ ಮಂಚ, ಫಿರಂಗಿ, ಉದ್ದುದ್ದ ಸುರಂಗ, ತಣ್ಣನೆ ಗಾಳಿ. ಸ್ವೆಟರ್ ಇಲ್ಲದೆ ಒಳಗೆ ಹೋಗಬೇಡಿ. ಫಿರಂಗಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹರಳುಗಳು. ಪ್ಲಾಂಗೆನ್‌ಸ್ಟಾಕ್ ಬೆಟ್ಟದಲ್ಲಿ ಸಿಕ್ಕ ದೈತ್ಯ ಸ್ಫಟಿಕಗಳನ್ನು ಅಲ್ಲಿ ಇಟ್ಟಿದ್ದಾರೆ. ಮನುಷ್ಯನ ತೋಳಿಗಿಂತ ದಪ್ಪ, ಗಾಜಿನಷ್ಟು ತಿಳಿ. ಬೆಟ್ಟದಲ್ಲಿ ಹರಳು ಹುಡುಕುವುದೇ ಇಲ್ಲಿ ಕೆಲವರ ಹಳೇ ಕಸುಬು.

ಇಳಿಯುವುದು ಮಾತ್ರ ತ್ರೆಮೊಲಾ ರಸ್ತೆಯಲ್ಲೇ. ಹೊಸ ರಸ್ತೆ ಬೆಟ್ಟದ ಬದಿಯಲ್ಲಿ ಕಂಬಗಳ ಮೇಲೆ ನೆಟ್ಟಗೆ ಹೋಗಿಬಿಡುತ್ತದೆ. ತ್ರೆಮೊಲಾ ಹಳೇದು, 1830ರ ಸುಮಾರಿನಲ್ಲಿ ಕುದುರೆ ಗಾಡಿಗಾಗಿ ಮಾಡಿದ್ದು. 24 ಹೇರ್‌ಪಿನ್ ತಿರುವು. ಮೇಲಿಂದ ನೋಡಿದರೆ ಒಂದರ ಕೆಳಗೆ ಒಂದು ಮಡಚಿಟ್ಟ ಹಾಗೆ ಕಾಣುತ್ತವೆ. ಡಾಂಬರು ಇಲ್ಲ. ಮುಷ್ಟಿಗಾತ್ರದ ಗ್ರಾನೈಟ್ ಕಲ್ಲುಗಳನ್ನು ಒಂದಕ್ಕೊಂದು ಅಂಟಿಸಿದಂತೆ ಕೂರಿಸಿದ್ದಾರೆ. ಬಗ್ಗಿ ನೋಡಿ. ಪ್ರತಿ ಕಲ್ಲಿನ ತಲೆ ಚಕ್ರಕ್ಕೆ ಸವೆದು ನುಣುಪಾಗಿದೆ, ಅಂಚು ಮಾತ್ರ ಇನ್ನೂ ಒರಟು. ಸಾಲುಗಳು ಬಿಲ್ಲಿನಂತೆ ಬಾಗಿಕೊಂಡು ಹೋಗುತ್ತವೆ. ತಿರುವು ಬಂದಲ್ಲಿ ಸಾಲೂ ಬೀಸಣಿಗೆಯಾಗಿ ಬಿಚ್ಚಿಕೊಳ್ಳುತ್ತದೆ. ಕಲ್ಲಿನ ಸಂದಿಯಲ್ಲಿ ಪಾಚಿ, ಅಲ್ಲಲ್ಲಿ ಒಂದು ಪುಟ್ಟ ಹಳದಿ ಹೂವು. ಹೊರಬದಿಗೆ ಕಲ್ಲಿನ ಆಧಾರಗೋಡೆ, ಒಂದೊಂದು ಮೂರಾಳು ಎತ್ತರ. ಇದನ್ನೆಲ್ಲ ಕೈಯಲ್ಲಿ ಜೋಡಿಸಿದವರ ಹೆಸರು ಎಲ್ಲೂ ಬರೆದಿಲ್ಲ. ದೊಡ್ಡಮ್ಮ ಚಪ್ಪಲಿ ತೆಗೆದು ಹತ್ತು ಹೆಜ್ಜೆ ಬರಿಗಾಲಲ್ಲಿ ನಡೆದರು. "ಬೆಚ್ಚಗಿದೆ ಕಣೋ" ಅಂದರು. ಬಿಸಿಲು ಕಾದ ಗ್ರಾನೈಟ್ ಹಾಗೇ.

ಆಂಡರ್ಮಾಟ್‌ನಿಂದ ಐದು ಕುದುರೆ ಕಟ್ಟಿದ ಹಳೇ ಕಾಲದ ಅಂಚೆ ಗಾಡಿಯಲ್ಲೂ ಘಾಟಿ ದಾಟಿಸುತ್ತಾರೆ. ದುಬಾರಿ. ನಾನು ಹತ್ತಿಲ್ಲ. ತ್ರೆಮೊಲಾದಲ್ಲಿ ಅದು ಎದುರಾದಾಗ ಗಾಡಿ ಬರುವ ಮೊದಲೇ ಕಲ್ಲಿನ ಮೇಲೆ ಗೊರಸಿನ ಸದ್ದು ಎರಡು ತಿರುವು ಮೇಲಿಂದ ಕೇಳಿಸುತ್ತದೆ. ಅಷ್ಟು ಸಿಕ್ಕರೂ ಪುಣ್ಯ.

ಕೆಳಗೆ ಐರೊಲೊ. ಬೋರ್ಡ್‌ಗಳೆಲ್ಲ ಇಟಾಲಿಯನ್. ಎಷ್ಟೋ ಸಲ ಉತ್ತರದಲ್ಲಿ ಮಳೆ, ಇಲ್ಲಿ ಬಿಸಿಲು. ಊಟಕ್ಕೆ ಪೊಲೆಂಟಾ ಹೇಳಿ. ಮೆಕ್ಕೆಜೋಳದ ಹಿಟ್ಟಿನದು, ಸಸ್ಯಾಹಾರಿಗಳಿಗೆ ಚೀಸ್ ಜೊತೆ ಕೊಡುತ್ತಾರೆ. ಆದರೆ ರೈಲು ಹತ್ತುವ ಮೊದಲು ಸ್ಟೇಷನ್ ಹತ್ತಿರದ ಒಂದು ಕಂಚಿನ ಶಿಲ್ಪವನ್ನು ನೋಡಲೇಬೇಕು.

ಕೂಲಿಯವರು ತಮ್ಮ ಜೊತೆಗಾರನ ಹೆಣವನ್ನು ಹೊತ್ತು ಸುರಂಗದಿಂದ ಹೊರಗೆ ತರುತ್ತಿದ್ದಾರೆ. ಬಾಗಿದ ಬೆನ್ನು, ಉಬ್ಬಿದ ನರ. ಟಿಚಿನೊದವನೇ ಆದ ವಿನ್ಚೆಂಜೊ ವೆಲಾ ಅನ್ನುವ ಶಿಲ್ಪಿ 1882ರಲ್ಲಿ, ಸುರಂಗದ ಉದ್ಘಾಟನೆಯ ಸಂಭ್ರಮ ನಡೆದ ವರ್ಷವೇ, ಇದಕ್ಕೆ ಕೈಹಾಕಿದ. ಯಾರೂ ಹೇಳಿ ಮಾಡಿಸಿದ್ದಲ್ಲ. ಕಂಚಿನಲ್ಲಿ ಎರಕ ಹೊಯ್ದು ಇಲ್ಲಿ ನಿಲ್ಲಿಸಿದ್ದು 50 ವರ್ಷದ ಮೇಲೆ, 1932ರಲ್ಲಿ.

ಆ ಸುರಂಗ ಕೊರೆಯಲು 1872ರಿಂದ 10 ವರ್ಷ ಹಿಡಿಯಿತು. ಕೂಲಿಯವರಲ್ಲಿ ಹೆಚ್ಚಿನವರು ಇಟಲಿಯ ಬಡ ಹಳ್ಳಿಗಳವರು. ಒಳಗೆ 30 ಡಿಗ್ರಿ ಮೀರಿದ ಸೆಕೆ, ಡೈನಮೈಟ್ ಹೊಗೆ, ಮೊಣಕಾಲುದ್ದ ನೀರು. ಲೆಕ್ಕಕ್ಕೆ ಸಿಕ್ಕ ಸಾವು 199. ಕೊಕ್ಕೆಹುಳುವಿನ ಕಾಯಿಲೆ ಹತ್ತಿಸಿಕೊಂಡು ಊರಿಗೆ ಹೋಗಿ ಸತ್ತವರು ಆ ಲೆಕ್ಕದಲ್ಲಿಲ್ಲ. 1875ರಲ್ಲಿ ಗೊಶೆನೆನ್‌ನಲ್ಲಿ ಕೂಲಿಯವರು ಮುಷ್ಕರ ಹೂಡಿದಾಗ ಗುಂಡು ಹಾರಿಸಿದರು, ನಾಲ್ವರು ಸತ್ತರು. ಗುತ್ತಿಗೆ ಹಿಡಿದಿದ್ದ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತ. 1880ರ ಫೆಬ್ರವರಿಯಲ್ಲಿ ಎರಡು ಕಡೆಯಿಂದ ಕೊರೆದುಕೊಂಡು ಬಂದವರು ಸೇರಿದಾಗ, ಆ ಮೊದಲ ತೂತಿನಲ್ಲಿ ಮೊದಲು ದಾಟಿಸಿದ್ದು ತಗಡಿನ ಡಬ್ಬಿಯಲ್ಲಿಟ್ಟ ಅವನ ಫೋಟೊ. 15 ಕಿಲೋಮೀಟರಿಗೆ ಅಡ್ಡಡ್ಡ ವ್ಯತ್ಯಾಸ ಬರೀ 33 ಸೆಂಟಿಮೀಟರ್. ಆ ಎಂಜಿನಿಯರ್‌ಗಳ ಲೆಕ್ಕಕ್ಕೆ ತಲೆಬಾಗುತ್ತೇನೆ. ಆದರೆ ಇಲ್ಲಿ ನಿಂತಾಗ ನನಗೆ ಮೊದಲು ನೆನಪಾಗುವುದು ಸ್ಟ್ರೆಚರ್ ಹೊತ್ತವರು. ನಾವು ವಾಪಸ್ ಹೋಗುವುದು ಅವರು ಕೊರೆದ ಸುರಂಗದಲ್ಲೇ. ಐರೊಲೊದಿಂದ ಗೊಶೆನೆನ್‌ಗೆ ಹತ್ತು ನಿಮಿಷದ ಆಸುಪಾಸು.

ಹೋಗುವವರಿಗೆ ಒಂದೆರಡು ಮಾತು. ಘಾಟಿ ರಸ್ತೆ ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆಯುತ್ತದೆ, ಅಕ್ಟೋಬರ್ ತನಕ ಇರುತ್ತದೆ. ಅಂಚೆ ಬಸ್ ಅದಕ್ಕಿಂತ ಕಡಿಮೆ ದಿನ ಓಡುತ್ತದೆ, ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಿ. ವಾರದ ನಡುವೆ ಹೋಗಿ. ಆಗಸ್ಟ್ ಆದರೂ ಜಾಕೆಟ್ ಬೇಕೇ ಬೇಕು. ಮೋಡ ಬಂದರೆ ಅರ್ಧ ಗಂಟೆಯಲ್ಲಿ ನಡುಕ ಹುಟ್ಟುತ್ತದೆ. ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಲುಚೆಂದ್ರೊ ದಂಡೆಯಲ್ಲಿ ಕೂತು ತಿನ್ನಲು ಅದಕ್ಕಿಂತ ಒಳ್ಳೇದು ಸಿಗುವುದಿಲ್ಲ. ನಡೆಯುವ ಹುಚ್ಚಿದ್ದವರಿಗೆ ನಾಲ್ಕೂ ನದಿಗಳ ಮೂಲ ಸೇರಿಸುವ 85 ಕಿಲೋಮೀಟರಿನ ದಾರಿ ಇದೆ, ಐದು ದಿನದ ನಡಿಗೆ.

ಇನ್ನೊಂದು ದಿನ ಸಿಕ್ಕರೆ ಎರಡು ದಾರಿ. ಆಂಡರ್ಮಾಟ್‌ನಿಂದ ಪೂರ್ವಕ್ಕೆ ಓಬರ್‌ಆಲ್ಪ್ ಪಾಸ್. ಸಮುದ್ರವೇ ಇಲ್ಲದ ಆ ಬೆಟ್ಟದ ಮೇಲೆ ಒಂದು ಕೆಂಪು ದೀಪಸ್ತಂಭ ಇದೆ. ರೈನ್ ಸಮುದ್ರ ಸೇರುವ ಕಡೆ ಇದ್ದ ದೀಪಸ್ತಂಭದ ಪುಟ್ಟ ನಕಲು. ಅಲ್ಲಿಂದ ರೈನ್ ಹುಟ್ಟುವ ತೋಮಾ ಕೆರೆಗೆ ನಡೆದು ಹೋಗಬಹುದು. ಪಶ್ಚಿಮಕ್ಕೆ ಫುರ್ಕಾ ಪಾಸ್, 2429 ಮೀಟರ್. ಅಲ್ಲಿ ರೋನ್ ಹಿಮನದಿ. 1850ರ ಸುಮಾರಿನಲ್ಲಿ ಅದು ಕಣಿವೆಯ ತಳದ ಗ್ಲೆಚ್ ಊರಿನ ತನಕ ಇಳಿದಿತ್ತು. ಈಗ ಮೇಲಿನ ಬಂಡೆಯ ಆಚೆಗೆ ಸರಿದಿದೆ. ಕರಗುವುದನ್ನು ಸ್ವಲ್ಪವಾದರೂ ತಡೆಯಲು ಬೇಸಿಗೆಯಲ್ಲಿ ಅದರ ಒಂದು ತುದಿಗೆ ಬಿಳಿ ಹೊದಿಕೆ ಹೊದಿಸುತ್ತ ಬಂದಿದ್ದಾರೆ. ಹೊದಿಕೆಯ ಅಡಿಯಿಂದ ಬೂದುಬಣ್ಣದ ನೀರು ಇಳಿಯುತ್ತಲೇ ಇರುತ್ತದೆ. ಚಿಕ್ಕ ಮಕ್ಕಳು ಜೊತೆಗಿದ್ದು, ಒಂದೇ ದಿನ ಇದ್ದು, ಗೊಟಾರ್ಡಾ ಫುರ್ಕಾನಾ ಅಂತ ಕೇಳಿದರೆ ಈ ವರ್ಷ ಫುರ್ಕಾಗೆ ಹೋಗಿ ಅನ್ನುತ್ತೇನೆ. ಗೊಟಾರ್ಡ್‌ಗೆ ಮುಂದಿನ ಸಲ ಬಂದರಾಯಿತು.